ಬಾಣಂತಿಯರ ಮೇಲಿನ ಸಂಶೋಧನೆಗೆ ನಮ್ಮ ಬಜೆಟ್ಟಿನ ಹಣವೂ ಇರಲಿ

ಮಾನ್ಯ ಸಂಪಾದಕರೇ,

ಬಜೆಟ್ ಹತ್ತಿರ ಬಂದಂತೆ ಮಹಿಳೆಯರ ಹೆಸರಿನಲ್ಲಿ ಹಲವು ಬೇಡಿಕೆಗಳು ಕೇಳಿಬರುತ್ತವೆ. ಅವರ ಆರೋಗ್ಯದ ಸಂಶೋಧನೆಗೆ ಹಣ ಮೀಸಲಿಡಿ ಎಂಬ ಮಾತು ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ಹಳ್ಳಿಯ ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನಾನು ಆ ಬೇಡಿಕೆಯನ್ನು ಈ ಪತ್ರದ ಮೂಲಕ ಮುಂದಿಡುತ್ತಿದ್ದೇನೆ.

ಇಂಥ ಸಂಶೋಧನೆಯಿಂದ ಏನು ಸಾಧ್ಯ ಎಂಬುದಕ್ಕೆ ದೂರ ಹುಡುಕಬೇಕಿಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ, 1,620 ಮಹಿಳೆಯರನ್ನು ಒಳಗೊಂಡ ಪ್ರಯೋಗವೊಂದನ್ನು ನಡೆಸಿದರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರೆ ಬಾಣಂತಿಯ ರಕ್ತಸ್ರಾವ ತಗ್ಗುತ್ತದೆಯೇ ಎಂಬುದು ಪ್ರಶ್ನೆಯಾಗಿತ್ತು. ಗುಳಿಗೆ ಕೊಟ್ಟವರು ವೈದ್ಯರಲ್ಲ, ನನ್ನಂಥ ಸಹಾಯಕಿಯರು. ಅತಿಯಾದ ಸ್ರಾವಕ್ಕೆ ಒಳಗಾದವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಆ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದೇ ಪ್ರಯೋಗಕ್ಕಾಗಿ ರೂಪಿಸಿದ ಪ್ಲಾಸ್ಟಿಕ್ ಹಾಳೆಯೊಂದರ ಬಗ್ಗೆಯೂ ಹೇಳಬೇಕು. ಬಾಣಂತಿಯ ಕೆಳಗೆ ಹಾಸುವ ಆ ಹಾಳೆಯ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲವಿದ್ದು, ಸ್ರವಿಸಿದ ರಕ್ತವೆಲ್ಲ ಅದರಲ್ಲಿ ಶೇಖರವಾಗುತ್ತದೆ. ರಕ್ತ ಎಷ್ಟು ಹೋಯಿತೆಂದು ನಾವು ಕಣ್ಣಂದಾಜಿನಲ್ಲೇ ಹೇಳುತ್ತಿದ್ದ ಕಾಲವದು. ಹಳೆಯ ಸೀರೆ, ಗೋಣಿತಾಟು ಹೀರಿಕೊಂಡದ್ದನ್ನು ಯಾರು ಅಳೆದಾರು? ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಇಂಥದೇ ಅಳತೆಯ ಹಾಳೆಯಿಂದ ಸ್ರಾವವನ್ನು ಬೇಗ ಗುರುತಿಸಿ ತಕ್ಷಣ ಚಿಕಿತ್ಸೆ ಕೊಟ್ಟಿದ್ದರಿಂದ ತೀವ್ರ ಸ್ರಾವದ ಪ್ರಕರಣಗಳು ಶೇ 60ರಷ್ಟು ಕಡಿಮೆಯಾದದ್ದು ಕಂಡುಬಂತು.

ಆದರೆ ಬೆಳಗಾವಿಯ ಪ್ರಯೋಗಕ್ಕೆ ಹಣ ಬಂದದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತು ಗೇಟ್ಸ್ ಫೌಂಡೇಶನ್‌ನಿಂದ. ರಕ್ತಹೀನತೆಯಿರುವ ಗರ್ಭಿಣಿಯರಿಗೆ ಗುಳಿಗೆಯ ಬದಲು ರಕ್ತನಾಳದ ಮೂಲಕ ಒಂದೇ ಬಾರಿಗೆ ಕಬ್ಬಿಣಾಂಶ ಕೊಡುವ ಕುರಿತು ಈಚೆಗೆ ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ನಡೆದ ಪ್ರಯೋಗದ ಹಣವೂ ಲಂಡನ್ನಿನ ದತ್ತಿಸಂಸ್ಥೆಯೊಂದರದು. ಹೊರಗಿನ ಹಣ ಬಂದದ್ದನ್ನು ನಾನು ಆಕ್ಷೇಪಿಸುತ್ತಿಲ್ಲ, ಅದರಿಂದ ಜೀವಗಳು ಉಳಿದಿವೆ. ಹಣ ಕೊಡುವವರೇ ಪ್ರಶ್ನೆಯನ್ನೂ ಆರಿಸುತ್ತಾರೆ, ಅವರು ಕೈ ಹಿಂತೆಗೆದ ದಿನ ಕೆಲಸ ನಿಲ್ಲುತ್ತದೆ ಎಂಬುದಷ್ಟೇ ನನ್ನ ಆತಂಕ. 2025ರ ಮೇ ತಿಂಗಳಿನಲ್ಲಿ ಅದೇ ಅಮೆರಿಕದ ಸಂಸ್ಥೆಯು, ಹೊಸ ವ್ಯವಸ್ಥೆ ರೂಪುಗೊಳ್ಳುವವರೆಗೆ ವಿದೇಶಿ ಸಂಸ್ಥೆಗಳಿಗೆ ಉಪ ಅನುದಾನ (ಮುಖ್ಯ ಅನುದಾನ ಪಡೆದವರ ಮೂಲಕ ಹೋಗುವ ಹಣ) ನೀಡುವುದಿಲ್ಲವೆಂದು ಪ್ರಕಟಿಸಿದ್ದು ಇದಕ್ಕೆ ಸಾಕ್ಷಿ.

ಇನ್ನು ರಕ್ತಹೀನತೆ. ಕಬ್ಬಿಣಾಂಶದ ಗುಳಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇರುವವರು 2015–16ರಲ್ಲಿ ಶೇ 53.1ರಷ್ಟಿದ್ದರೆ 2019–21ರಲ್ಲಿ ಶೇ 57 ಆಗಿದ್ದಾರೆ. ನಾನು ಎಣಿಸಿ ಕೊಟ್ಟ ಕೆಂಪು ಗುಳಿಗೆಗಳು ಎಷ್ಟೋ ಮನೆಗಳಲ್ಲಿ ದೇವರ ಗೂಡಿನ ಹಿಂದೆ ಪಟ್ಟಿಪಟ್ಟಿಯಾಗಿ ಉಳಿದಿರುತ್ತಿದ್ದವು. 'ನುಂಗಿದ್ರ ಹೊಟ್ಟಿ ತೊಳಸತೈತ್ರೀ ಅಕ್ಕಾರ' ಎಂದವರನ್ನು ಗದರಿಸುವುದಷ್ಟೇ ನನಗೆ ಕಲಿಸಿದ್ದ ವಿದ್ಯೆ. ಹಂಚಿದ ಗುಳಿಗೆಗೆ ಲೆಕ್ಕವಿತ್ತು, ನುಂಗದ ಗುಳಿಗೆಗೆ ಇರಲಿಲ್ಲ. ರಕ್ತಹೀನತೆ ತಗ್ಗದಿರುವುದಕ್ಕೆ ನುಂಗದ ಗುಳಿಗೆ ಕಾರಣವೋ, ಊಟವೋ, ಜಂತುಹುಳವೋ, ತಿಂಗಳ ಅತಿಸ್ರಾವವೋ ಎಂಬುದನ್ನು ತಾಲ್ಲೂಕುವಾರು ತಿಳಿಯಲು ನಮ್ಮದೇ ಅಧ್ಯಯನ ಬೇಕು.

ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಗೆ 2025–26ರಲ್ಲಿ ಒದಗಿಸಿದ್ದು ಸುಮಾರು 3,900 ಕೋಟಿ ರೂಪಾಯಿ. ದೇಶದ ಎಲ್ಲ ಕಾಯಿಲೆಗಳಿಗೂ ಸೇರಿ ಇರುವ ಮೊತ್ತವದು. ಆದ್ದರಿಂದ ಎಲ್ಲವನ್ನೂ ದೆಹಲಿಯತ್ತ ತೋರಿಸಿ ಸುಮ್ಮನಿರಲಾಗದು. ಕರ್ನಾಟಕವು 2007–08ರಿಂದಲೇ ಮಹಿಳಾ ಉದ್ದೇಶಿತ ಆಯವ್ಯಯವನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತಿರುವ ರಾಜ್ಯ. ಅದರಲ್ಲಿ ಮಹಿಳಾ ಆರೋಗ್ಯ ಸಂಶೋಧನೆಗೆಂದೇ ಒಂದು ಲೆಕ್ಕಶೀರ್ಷಿಕೆ ತೆರೆದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮೂಲಕ ಜಿಲ್ಲಾ ವೈದ್ಯಕೀಯ ಕಾಲೇಜುಗಳಿಗೆ ಕನಿಷ್ಠ ಐದು ವರ್ಷದ ಅನುದಾನ ಕೊಡಲಿ. ಪ್ರಶ್ನೆಗಳನ್ನು ಆರಿಸುವ ಸಮಿತಿಯಲ್ಲಿ ತಜ್ಞರಷ್ಟೇ ಅಲ್ಲದೆ ಆಶಾ ಕಾರ್ಯಕರ್ತೆಯರೂ ದಾದಿಯರೂ ಇರಲಿ.

ಮೊದಲ ಕೆಲಸವಾಗಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗಳ ಅಧ್ಯಯನವನ್ನು ಕೈಗೆತ್ತಿಕೊಳ್ಳಬಹುದು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದ್ದು 2023ರ ಏಪ್ರಿಲ್‌ನಲ್ಲಿ. ಖಾಸಗಿ ಆಸ್ಪತ್ರೆಗಳೂ ಸೇರಿದಂತೆ ಪ್ರತಿ ಜಿಲ್ಲೆಯಲ್ಲಿ ಯಾವ ವಯಸ್ಸಿನ ಎಷ್ಟು ಮಂದಿಗೆ, ಯಾವ ಕಾರಣಕ್ಕೆ ಈ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಮಾಹಿತಿಯನ್ನು, ಹೆಸರುಗಳನ್ನು ಬಿಟ್ಟು, ಸಂಶೋಧಕರಿಗೂ ಸಾರ್ವಜನಿಕರಿಗೂ ವರ್ಷಕ್ಕೊಮ್ಮೆ ಒದಗಿಸುವಂತೆ ಆರೋಗ್ಯ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಆರೋಗ್ಯ ಸಹಾಯಕಿ, ಬಾಗಲಕೋಟೆ ಜಿಲ್ಲೆ