ಚೀಲದಲ್ಲಿ ಕಲ್ಲು ಯಾಕೆ? ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಒಬ್ಬ ತಾಯಿ ಶಾಲೆಗೆ ಬಂದು, ಮಗನ ಚೀಲವನ್ನು ಜಗಲಿಯ ಮೇಲೆ ಸುರಿದರು. ಪುಸ್ತಕಗಳ ಜೊತೆ ಏಳೆಂಟು ಕಲ್ಲು ಉರುಳಿದವು. "ಓದೋಕೆ ಕಳಿಸಿದ್ರೆ ಕಲ್ಲು ಹೊರಿಸ್ತೀರಲ್ಲ ಮೇಡಂ" ಅಂದರು. ತಪ್ಪು ನನ್ನದೇ. ಮಕ್ಕಳಿಗೆ ಹೇಳುವ ಮೊದಲು ನಿಮಗೊಂದು ಮಾತು ತಿಳಿಸಬೇಕಿತ್ತು.

ಈ ತಿಂಗಳು ಭೂಮಿಯ ಪಾಠ ನಡೆಯುತ್ತಿದೆ. ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಅಂತ ಮಕ್ಕಳು ಗಟ್ಟಿಯಾಗಿ ಒಪ್ಪಿಸುತ್ತಾರೆ. "ನಿಮ್ಮ ಮನೆ ನಲ್ಲಿ ನೀರಿಗೂ ಅಂತರಗಂಗೆ ಬೆಟ್ಟದ ಕಲ್ಲಿಗೂ ಏನು ಸಂಬಂಧ?" ಅಂತ ಕೇಳಿದರೆ ಮಾತ್ರ ಇಡೀ ತರಗತಿ ಸುಮ್ಮನಾಗುತ್ತದೆ. ಅದಕ್ಕೇ ಕಲ್ಲು ತರಿಸಿದ್ದು.

ನಮ್ಮ ಕೋಲಾರದ ಸುತ್ತ ಕಾಣುವ ಬಂಡೆಗಳು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಜಾತಿಯವು. ಸುಮಾರು 250 ಕೋಟಿ ವರ್ಷ ಹಳೆಯವು. ಒಂದು ಚೂರನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ. ಗಾಜಿನ ಹಾಗೆ ಇರುವುದು ಕ್ವಾರ್ಟ್ಸ್. ಬಿಳಿ ಇಲ್ಲವೇ ನಸುಗೆಂಪಿನದು ಫೆಲ್ಡ್‌ಸ್ಪಾರ್. ಮಿಣಮಿಣ ಅನ್ನುವ ಕಪ್ಪು ಚುಕ್ಕೆ ಕಾಗೆಬಂಗಾರ. ಮಳೆ, ಬಿಸಿಲಿಗೆ ಬಂಡೆ ಸವೆದಾಗ ಕ್ವಾರ್ಟ್ಸ್ ಮರಳಾಗಿ ಹಳ್ಳ ಸೇರುತ್ತದೆ. ಫೆಲ್ಡ್‌ಸ್ಪಾರ್ ಕೊಳೆತು ಜೇಡಿಮಣ್ಣಾಗಿ ಕೆರೆಯ ತಳಕ್ಕೆ ಇಳಿಯುತ್ತದೆ. ನೀವು ಹೊಲಕ್ಕೆ ಹೊಡೆಸುವ ಕೆರೆಗೋಡು, ಇಟ್ಟಿಗೆ ಗೂಡಿಗೆ ಹೋಗುವ ಮಣ್ಣು ಎಲ್ಲ ಒಂದು ಕಾಲಕ್ಕೆ ಬಂಡೆಯೇ. (ಆ ಹುಡುಗ ತಂದದ್ದರಲ್ಲಿ ಒಂದು ಹೆಂಚಿನ ಚೂರಿತ್ತು. ಎಲ್ಲರೂ ನಕ್ಕರು. ಲೆಕ್ಕಕ್ಕೆ ಅದೂ ಸರಿಯೇ.)

ನೀರಿನ ವಿಷಯಕ್ಕೆ ಬರುತ್ತೇನೆ. ಕಾಗೆಬಂಗಾರದಲ್ಲಿ, ಇನ್ನೂ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅನ್ನುವ, ನೀರಿನಲ್ಲಿ ಕರಗುವ ಅಂಶ ಇರುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ನಿಂತರೆ ಅದು ನಿಧಾನವಾಗಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಕಾಫಿ ಡಿಕಾಕ್ಷನ್ ಇದ್ದ ಹಾಗೆ, ಪುಡಿಯ ಜೊತೆ ಜಾಸ್ತಿ ಹೊತ್ತು ಇದ್ದಷ್ಟೂ ಗಟ್ಟಿ. ನಾನು ಚಿಕ್ಕವಳಿದ್ದಾಗ ಸೇದುವ ಬಾವಿಯಲ್ಲಿ ಸಿಗುತ್ತಿದ್ದದ್ದು ಹೊಸ ಮಳೆಯ ನೀರು. ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು, ಅಷ್ಟೇ ಲೆಕ್ಕ. ಈಗ ಸಾವಿರ ಅಡಿ ದಾಟಿದರೂ ಬರೀ ಧೂಳು ಎದ್ದ ಬೋರ್‌ಗಳು ನಮ್ಮ ಕಡೆ ಎಷ್ಟಿಲ್ಲ? ಅಷ್ಟು ಆಳದಲ್ಲಿ ನೀರು ಬಿದ್ದರೂ ಅದು ಕಲ್ಲಿನ ಜೊತೆ ಬಹಳ ಕಾಲ ಇದ್ದು ಬಂದ ನೀರು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದು ಮೀರಿದರೆ, ಹಲ್ಲು ಬೆಳೆಯುವ ವಯಸ್ಸಿನ ಮಕ್ಕಳಿಗೆ ಬಿಳಿ ಅಥವಾ ಕಂದು ಕಲೆ ಬರುತ್ತದೆ. ತುಂಬಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೂ ಕೀಲಿಗೂ ತೊಂದರೆ. ಆ ಕಲೆ ಹಲ್ಲುಜ್ಜದೆ ಬಂದದ್ದಲ್ಲ. ನಾನೂ ಹಿಂದೆ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಮಕ್ಕಳನ್ನು ಬೈದಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ದಯವಿಟ್ಟು ನೀವು ಬೈಯಬೇಡಿ. ಮತ್ತೆ, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಅದರ ಪಾಲು ಇನ್ನಷ್ಟು ಹೆಚ್ಚುತ್ತದೆ. ಕುಡಿಯಲು, ಅಡುಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿದರೆ ಒಳ್ಳೆಯದು.

ಗಾಳಿಯ ಪಾಠಕ್ಕೆ ಕೆ.ಜಿ.ಎಫ್. ಚಿನ್ನದ ಗಣಿಯ ಉದಾಹರಣೆ ತೆಗೆದುಕೊಂಡಿದ್ದೇವೆ. ಗಣಿ 2001ರಲ್ಲೇ ಮುಚ್ಚಿತು. ಆದರೆ ನೆಲದಾಳದಿಂದ ತೆಗೆದು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಕಲ್ಲು ಸೈನೈಡ್ ದಿಬ್ಬಗಳಾಗಿ ಇನ್ನೂ ಅಲ್ಲೇ ಇದೆ. ಗಾಳಿ ಬೀಸಿದರೆ ಧೂಳಾಗಿ ಮನೆಗಳಿಗೆ ನುಗ್ಗುತ್ತದೆ.

ಈಗ ನಿಮ್ಮಿಂದ ಎರಡು ಸಹಾಯ ಬೇಕು. ಶುಕ್ರವಾರ ಮಗುವಿನ ಕೈಲಿ ಅರ್ಧ ಲೀಟರ್ ನೀರು ಕೊಟ್ಟು ಕಳಿಸಿ. ಮನೆಯಲ್ಲಿ ಕುಡಿಯುವ ನೀರೇ ಆಗಲಿ. ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಸಲ ತೊಳೆದು ತುಂಬಿಸಿ. ಬೋರ್ ನೀರಾದರೆ ಎಷ್ಟು ಅಡಿ ಅಂತ ಚೀಟಿಯಲ್ಲಿ ಬರೆಯಿರಿ. ಬಣ್ಣ ನೋಡಿ ಅಂದಾಜು ಹೇಳುವ ಕಿಟ್‌ನಲ್ಲಿ ಮಕ್ಕಳೇ ಪರೀಕ್ಷೆ ಮಾಡುತ್ತಾರೆ. "ನಮ್ಮ ಬೋರ್ ನೀರು ಕೆಟ್ಟದ್ದು ಅಂತ ಊರಿಗೆಲ್ಲ ಗೊತ್ತಾಗಲ್ವಾ?" ಅಂತ ಒಬ್ಬರು ಆಗಲೇ ಕೇಳಿದ್ದಾರೆ. ಬಾಟಲಿಗೆ ನಂಬರ್ ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ನಿಮ್ಮ ಮನೆಯ ಲೆಕ್ಕ ನಿಮಗೆ ಮಾತ್ರ ಬರುತ್ತದೆ. ಫ್ಲೋರೈಡ್ ಜಾಸ್ತಿ ಕಂಡರೆ ಲ್ಯಾಬ್‌ಗೆ ಕೊಟ್ಟು ಖಚಿತ ಮಾಡಿಕೊಳ್ಳಿ, ಕಿಟ್ ಒಂದನ್ನೇ ನಂಬಬೇಡಿ.

ಇನ್ನೊಂದು ಸಹಾಯ ಅಜ್ಜ ಅಜ್ಜಿಯರದು. ಶನಿವಾರ ಬೆಳಿಗ್ಗೆ 8 ಗಂಟೆಗೆ ಮಕ್ಕಳನ್ನು ಕೆರೆಯಂಗಳಕ್ಕೆ ಕರೆದುಕೊಂಡು ಹೋಗುತ್ತೇವೆ. ತೂಬು ಎಲ್ಲಿತ್ತು, ಕೋಡಿ ಯಾವ ವರ್ಷ ಹರಿಯಿತು, ಯಾವ ಬಾವಿ ಮೊದಲು ಬತ್ತಿತು ಅನ್ನುವುದು ಅವರಿಗೆ ಗೊತ್ತು, ನಮ್ಮ ಪುಸ್ತಕದಲ್ಲಿಲ್ಲ. ಬರಲು ಆಗುವವರು ಬನ್ನಿ. ಏರಿಯ ಮೇಲೆ ನೆರಳಿದೆ, ಕುರ್ಚಿ ನಾವೇ ತರುತ್ತೇವೆ.

ಮಕ್ಕಳಿಗೆ ಟೋಪಿ, ತಿಂಡಿ ಕೊಟ್ಟು ಕಳಿಸಿ. ಕಲ್ಲು ಇನ್ನು ಸಾಕು.

ಇಂತಿ,
ಮುಖ್ಯ ಶಿಕ್ಷಕಿ