ಮಗಳಿಗೊಂದು ಪತ್ರ: ಶಿರಾಡಿ ಇಳಿಯುವ ಮುನ್ನ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಹೆವಿ ಲೈಸೆನ್ಸ್ ಕೈಗೆ ಬಂದಿತೆಂದೂ, ಬರುವ ವಾರದಿಂದ ಹಾಸನ–ಮಂಗಳೂರು ಲೈನಿನಲ್ಲಿ ಹತ್ತು ಚಕ್ರದ ಲಾರಿಯೊಂದನ್ನು ನಿನಗೆ ಒಪ್ಪಿಸಲಿದ್ದಾರೆಂದೂ ನಿನ್ನಮ್ಮ ಹೇಳಿದಳು. ಹೆಣ್ಣುಮಗಳಿಗೆ ಲಾರಿ ಏಕೆ ಎಂದು ಕೇಳುವವರಿಗೆ ಇಲ್ಲಿ ನಾನೇ ಉತ್ತರ ಕೊಡುತ್ತಿದ್ದೇನೆ, ಅದರ ಚಿಂತೆ ನಿನಗೆ ಬೇಡ. ಸ್ಟೇರಿಂಗ್, ಗೇರು, ರಿವರ್ಸ್ ಎಲ್ಲವನ್ನೂ ಡ್ರೈವಿಂಗ್ ಶಾಲೆಯವರು ಕಲಿಸಿದ್ದಾರೆ. ಆದರೆ ದಾರಿಯಲ್ಲಿ ಬೇರೆಯವರು ಮಾಡಬಹುದಾದ ತಪ್ಪಿಗೂ ನಮ್ಮ ಗಾಡಿಯ ಸುತ್ತ ಒಂದಿಷ್ಟು ಜಾಗ ಉಳಿಸಿಕೊಂಡು ಓಡಿಸುವುದನ್ನು ಆ ಮೈದಾನದಲ್ಲಿ ಯಾರೂ ಹೇಳಿಕೊಡುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೊದಲು ಮುಂದಿನ ಜಾಗದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಿನ್ನ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಅಪಾಯವನ್ನು ಕಣ್ಣು ಕಂಡು, ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಆಗುತ್ತದೆ, ಅಂದರೆ ಬ್ರೇಕ್ ಹಿಡಿಯುವ ಮೊದಲೇ 25 ಮೀಟರ್ ಕಳೆದಿರುತ್ತದೆ. ಅದರ ಮೇಲೆ ಲೋಡಾದ ಗಾಡಿ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಮೂವತ್ತೈದು ಮೀಟರಿನಷ್ಟು ಬೇಕು. ವೇಗ 80 ಆದರೆ ಒಟ್ಟು ದೂರ ತೊಂಬತ್ತು ಮೀಟರ್ ದಾಟುತ್ತದೆ, ಮಳೆ ಬಿದ್ದ ರಸ್ತೆಯಲ್ಲಂತೂ ಇನ್ನೂ ಹೆಚ್ಚು. ಆದ್ದರಿಂದ ಮುಂದಿನ ವಾಹನ ಒಂದು ಕಿಲೋಮೀಟರ್ ಕಲ್ಲನ್ನೋ ಮರವನ್ನೋ ದಾಟಿದ ಮೇಲೆ ನಾಲ್ಕು ಸೆಕೆಂಡ್ ಎಣಿಸು, ಎಣಿಕೆ ಮುಗಿಯುವ ಮುನ್ನ ನೀನು ಅಲ್ಲಿಗೆ ತಲುಪಿದ್ದರೆ ಹತ್ತಿರವಾಗಿದ್ದೀಯೆಂದು ತಿಳಿ. ಅಷ್ಟು ಜಾಗ ಬಿಟ್ಟರೆ ಕಾರಿನವರು ನಡುವೆ ನುಗ್ಗುತ್ತಾರೆ ಎಂದು ನಿನ್ನ ಜೊತೆಯವರು ಹೇಳುತ್ತಾರೆ. ನುಗ್ಗಲಿ. ಆಕ್ಸಿಲರೇಟರಿನಿಂದ ಕಾಲು ತುಸು ಎತ್ತಿ ಮತ್ತೆ ಜಾಗ ಮಾಡಿಕೊ. ದಿನವಿಡೀ ಹೀಗೆ ಬಿಟ್ಟುಕೊಟ್ಟರೂ ಮಂಗಳೂರಿಗೆ ತಲುಪುವುದು ಕೆಲವು ನಿಮಿಷ ತಡವಾದೀತು, ಅಷ್ಟೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಎದುರು ಬದಿಯ ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಮುಂದಿದ್ದ ವಾಹನ ಥಟ್ಟನೆ ಬ್ರೇಕ್ ಹಾಕಿತು, ಅದನ್ನು ತಪ್ಪಿಸಲು ಹೋದೆ ಎಂದು ಚಾಲಕ ಹೇಳಿದ್ದಾಗಿ ಪತ್ರಿಕೆಗಳಲ್ಲಿ ಬಂದಿತ್ತು. ಮುಂದಿನವನು ಥಟ್ಟನೆ ನಿಲ್ಲುವುದು ಈ ರಸ್ತೆಗಳಲ್ಲಿ ಅಪರೂಪದ ಸಂಗತಿಯಲ್ಲ, ಅದು ಆಗಿಯೇ ಆಗುತ್ತದೆಂದು ಮೊದಲೇ ಲೆಕ್ಕ ಹಾಕಿಕೊಂಡು ಹೊರಡಬೇಕು.

ಇನ್ನು ಘಾಟಿಯ ಮಾತು. ಚಾರ್ಮಾಡಿಯಲ್ಲೂ ಆಗುಂಬೆಯಲ್ಲೂ ಭಾರೀ ವಾಹನಗಳಿಗೆ ನಿರ್ಬಂಧವಿರುವುದರಿಂದ ಕರಾವಳಿಯ ಭಾರದಲ್ಲಿ ದೊಡ್ಡ ಪಾಲು ನಿನ್ನ ಶಿರಾಡಿಯ ಮೇಲೆಯೇ ಬೀಳುತ್ತದೆ. ಸಕಲೇಶಪುರ ಇರುವುದು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗಿಂತ ಎತ್ತರದಲ್ಲಿ. ಅಲ್ಲಿಂದ ಮಾರನಹಳ್ಳಿ ದಾಟಿ ಗುಂಡ್ಯ ಸೇರುವಷ್ಟರಲ್ಲಿ ಆ ಎತ್ತರದ ಬಹುಪಾಲನ್ನು ನಿನ್ನ ಲಾರಿ ಇಳಿದಿರುತ್ತದೆ. ಇಪ್ಪತ್ತೆಂಟು ಟನ್ ತೂಕ ಅಷ್ಟು ಇಳಿಯುವಾಗ ಹುಟ್ಟುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ನೀನು ಗೇರಿನಲ್ಲಿ ಇಳಿದರೆ ಅದರ ಬಹುಭಾಗವನ್ನು ಎಂಜಿನ್ ನುಂಗಿಕೊಳ್ಳುತ್ತದೆ, ಬ್ರೇಕ್ ಪೆಡಲನ್ನೇ ನಂಬಿ ಇಳಿದರೆ ಅಷ್ಟೂ ಶಾಖವಾಗಿ ಚಕ್ರದೊಳಗಿನ ಬ್ರೇಕ್ ಡ್ರಮ್ಮಿಗೆ ಸೇರುತ್ತದೆ. ಕಾದ ಡ್ರಮ್ ಹಿಗ್ಗಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಬಿಸಿಗೆ ಕಡಿಮೆಯಾಗುತ್ತದೆ. ಆಗ ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. 'ಬ್ರೇಕ್ ಫೇಲ್' ಎಂದು ಎಫ್‌ಐಆರ್‌ನಲ್ಲಿ ಬರೆಸುವ ಎಷ್ಟೋ ಪ್ರಕರಣಗಳಲ್ಲಿ ಬ್ರೇಕ್ ಕೆಟ್ಟಿರುವುದಿಲ್ಲ, ಅದನ್ನು ಬೇಯಿಸಿರುತ್ತಾರೆ.

ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ, ಗಾಡಿ ಇನ್ನೂ ಸಮತಟ್ಟಿನಲ್ಲಿರುವಾಗಲೇ ಕೆಳಗಿನ ಗೇರಿಗೆ ಬಾ, ಎಂಜಿನ್ನಿನ ಹೊಗೆಯ ದಾರಿ ತಡೆದು ಗಾಡಿಯ ವೇಗ ಹಿಡಿದಿಡುವ ಎಗ್ಸಾಸ್ಟ್ ಬ್ರೇಕ್ ಹಾಕಿಕೊ. ಇಳಿಯುವಾಗ ಗೇರ್ ಬದಲಿಸಲು ಹೋಗಿ ಅದು ಸಿಕ್ಕದೆ ನ್ಯೂಟ್ರಲಿನಲ್ಲಿ ಉಳಿದುಬಿಟ್ಟರೆ ಆ ಭಾರವನ್ನು ಹಿಡಿದಿಡುವವರು ಯಾರೂ ಇರುವುದಿಲ್ಲ. ಪೆಡಲ್ ಮೇಲೆ ಕಾಲು ಇಟ್ಟೇ ಇರಬಾರದು. ವೇಗ ನೀನು ನಿಗದಿ ಮಾಡಿಕೊಂಡ ಮಿತಿಗೆ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗವನ್ನು ಗಂಟೆಗೆ ಏಳೆಂಟು ಕಿಲೋಮೀಟರ್ ಇಳಿಸಿ, ಪೂರ್ತಿ ಬಿಟ್ಟುಬಿಡಬೇಕು. ಆಗ ಡ್ರಮ್ಮಿಗೆ ಗಾಳಿ ತಾಗಿ ಆರಲು ಪುರುಸೊತ್ತು ಸಿಗುತ್ತದೆ. ಸುಟ್ಟ ರಬ್ಬರಿನಂಥ, ಮೂಗು ಉರಿಸುವ ಘಾಟು ಕ್ಯಾಬಿನ್ನಿಗೆ ಬಂದರೆ ಹಿಂದಿನವರದ್ದಿರಬಹುದು ಎಂದುಕೊಳ್ಳಬೇಡ, ಅಗಲ ಇರುವ ಕಡೆ ಪಕ್ಕಕ್ಕೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕೂರು. ಬೇಗ ತಣಿಯಲಿ ಎಂದು ಡ್ರಮ್ ಮೇಲೆ ನೀರು ಎರಚುವವರನ್ನು ಅಲ್ಲಿ ನೋಡುತ್ತೀಯೆ. ಹಾಗೆ ಎರಚಿದರೆ ಡ್ರಮ್ ಬಿರುಕು ಬಿಡುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವ ಕಲೆಯನ್ನು ನಿನಗೆ ಕಲಿಸಲು ಬರುವವರು ಇದ್ದಾರೆ, ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಲಾರಿಯ ಬ್ರೇಕ್ ನಡೆಯುವುದು ಒತ್ತಿಟ್ಟ ಗಾಳಿಯಿಂದ, ಆ ಗಾಳಿಯ ಏರ್ ಟ್ಯಾಂಕ್ ತುಂಬುವ ಕಂಪ್ರೆಸರ್ ತಿರುಗುವುದು ಎಂಜಿನ್ನಿನಿಂದ, ಪವರ್ ಸ್ಟೇರಿಂಗ್ ನಡೆಯುವುದೂ ಎಂಜಿನ್ನಿನಿಂದ. ಎಂಜಿನ್ ನಿಂತ ಗಾಡಿಯಲ್ಲಿ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಇರುವ ಗಾಳಿ ಖರ್ಚಾಗುತ್ತದೆಯೇ ಹೊರತು ಮತ್ತೆ ತುಂಬುವುದಿಲ್ಲ, ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಗುತ್ತದೆ. ಇನ್ನೊಂದು ತಮಾಷೆಯೆಂದರೆ, ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಡೀಸೆಲನ್ನೇ ನಿಲ್ಲಿಸುತ್ತವೆ, ನ್ಯೂಟ್ರಲಿನಲ್ಲಿ ಐಡ್ಲಿಂಗಿಗಾದರೂ ಒಂದಿಷ್ಟು ಕುಡಿಯುತ್ತವೆ. ಪ್ರಾಣ ಒತ್ತೆಯಿಟ್ಟು ಮಾಡುವ ಆ ಉಳಿತಾಯ ಉಳಿತಾಯವೂ ಅಲ್ಲ.

ಈ ರಸ್ತೆಯಲ್ಲಿ ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರುಗಳ ಓಡಾಟ ಹೆಚ್ಚು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಂಥದೊಂದು ಉರುಳಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳವರೂ ಸುಟ್ಟುಹೋದರು. ಅವುಗಳನ್ನು ತಿರುವಿನಲ್ಲಿ ಓವರ್‌ಟೇಕ್ ಮಾಡಬೇಡ, ಬೆನ್ನು ಹತ್ತಿ ಹೋಗಲೂಬೇಡ. ಮಳೆಗಾಲದಲ್ಲಿ ದೋಣಿಗಾಲ್ ಕಡೆ ಗುಡ್ಡ ಕುಸಿದ ಸುದ್ದಿ ಬಂದರೆ ಹಾಸನದಲ್ಲೇ ನಿಂತುಬಿಡು.

ಓವರ್‌ಟೇಕ್ ಎಂದಾಗ ನೆನಪಾಯಿತು. ಹಿಂದಿನವನಿಗೆ 'ಹೋಗು' ಎನ್ನಲು ಎಡ ಇಂಡಿಕೇಟರ್ ಹಾಕುವ ರೂಢಿ ನಮ್ಮ ಲಾರಿಯವರಲ್ಲಿದೆ. ಅದನ್ನು ನಂಬಿ ನೀನು ಮುನ್ನುಗ್ಗಬೇಡ, ನೀನೂ ಹಾಗೆ ಹಾಕಬೇಡ. ಅವನು ನಿಜವಾಗಿ ಎಡಕ್ಕೆ ತಿರುಗುತ್ತಿರಬಹುದು, ಅಥವಾ ಅವನು ನೋಡಿದಾಗ ಖಾಲಿಯಿದ್ದ ರಸ್ತೆಯಲ್ಲಿ ನೀನು ಬಲಕ್ಕೆ ಬರುವಷ್ಟರಲ್ಲಿ ಬಸ್ಸೊಂದು ಬಂದಿರಬಹುದು. ನಿನ್ನ ಕಣ್ಣಿಗೆ ಕಾಣದ ರಸ್ತೆಯನ್ನು ಇನ್ನೊಬ್ಬನ ದೀಪ ನೋಡಿ ದಾಟುವುದು ಸಲ್ಲ. ಕ್ಯಾಬಿನ್ನಿನ ಎಡಬದಿಯ ಕೆಳಗೆ ಸ್ಕೂಟರ್ ಪೂರ್ತಿ ಮರೆಯಾಗುವಷ್ಟು ಜಾಗವಿದೆ. ಎಡಕ್ಕೆ ತಿರುಗುವ ಮೊದಲು ಕನ್ನಡಿಯನ್ನು ಎರಡು ಸಲ ನೋಡು, ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಗೆ ಕತ್ತರಿಸಿಕೊಂಡು ಬರುತ್ತವೆಂಬುದು ನೆನಪಿರಲಿ.

ನಿಂತ ಲಾರಿ ಓಡುವ ಲಾರಿಯಷ್ಟೇ ಕೊಲ್ಲುತ್ತದೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದ 13 ಮಂದಿ ಸತ್ತರು. ಚಹಾಕ್ಕಾಗಲೀ ನಿದ್ದೆಗಾಗಲೀ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಲೇಬೇಡ. ಡಾಬಾದ ಅಂಗಳವೋ ಬಂಕಿನ ಆವರಣವೋ ಸಿಗುವವರೆಗೆ ಹೋಗು. ಗಾಡಿ ಕೆಟ್ಟು ನಿಂತರೆ ಹಜಾರ್ಡ್ ದೀಪ ಹಾಕಿ, ಪ್ರತಿಫಲಕ ತ್ರಿಕೋನವನ್ನು ಕನಿಷ್ಠ ಐವತ್ತು ಹೆಜ್ಜೆ ಹಿಂದೆ ಇಟ್ಟು, 1033ಕ್ಕೆ ಫೋನ್ ಮಾಡು. ಸೊಪ್ಪು, ಕಲ್ಲು ಇಡುವ ನಮ್ಮವರ ಪದ್ಧತಿಯಲ್ಲಿ ನನಗೆ ಸಿಟ್ಟು ಬರಿಸುವುದು ಒಂದೇ: ರಿಪೇರಿಯಾದ ಮೇಲೆ ಲಾರಿ ಹೊರಟುಹೋಗುತ್ತದೆ, ತಲೆಗಾತ್ರದ ಕಲ್ಲುಗಳು ರಸ್ತೆಯಲ್ಲೇ ಉಳಿಯುತ್ತವೆ, ರಾತ್ರಿ ಬೈಕಿನವನು ಅದಕ್ಕೆ ಹತ್ತುತ್ತಾನೆ.

ನಿದ್ದೆಯ ವಿಷಯದಲ್ಲಿ ಧೈರ್ಯ ತೋರಿಸಬಾರದು. ಎಡೆಬಿಡದೆ 17 ಗಂಟೆ ಎಚ್ಚರವಿದ್ದವನ ಚುರುಕುತನ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ 30. ಕುಡಿದವನ ಕೈಗೆ ಬೀಗದ ಕೈ ಕೊಡದ ಮಾಲೀಕರೇ ಎರಡು ರಾತ್ರಿ ಮಲಗದವನಿಗೆ ಲೋಡ್ ಕೊಟ್ಟು ಕಳಿಸುತ್ತಾರೆ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ ಕೆಲಸವೆಂದೂ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿಯೆಂದೂ ಹೇಳುತ್ತಿತ್ತು. ಎಷ್ಟು ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಅಂಥ ನಿಯಮ ನಡೆಯುತ್ತಿದೆಯೆಂದು ನಿನಗೇ ಗೊತ್ತಾಗುತ್ತದೆ. 'ಎಲ್ಲಿದ್ದೀಯ' ಎಂದು ಬರುವ ಫೋನಿಗೆ ಗಾಡಿ ನಿಲ್ಲಿಸಿದ ಮೇಲಷ್ಟೇ ಉತ್ತರಿಸು. ರಾತ್ರಿ ಎರಡರಿಂದ ಐದರೊಳಗೆ ಕಣ್ಣು ಎಳೆಯತೊಡಗಿದರೆ ಚಹಾ, ಗುಟ್ಕಾ, ಜೋರು ಹಾಡು ಯಾವುದೂ ಕೆಲಸಕ್ಕೆ ಬಾರದು, ಮಲಗುವುದೊಂದೇ ಮದ್ದು. ನಿನಗೆ ಹೊಸ ಗಾಡಿ ಸಿಕ್ಕಿದರೆ ಕ್ಯಾಬಿನ್ನಿನಲ್ಲಿ ಎಸಿ ಇರುತ್ತದೆ, 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳಿಗೆ ಅದು ಕಡ್ಡಾಯ. ಎಸಿ ಬಳಲಿಕೆಯನ್ನು ಕಡಿಮೆ ಮಾಡೀತು, ನಿದ್ದೆಯ ಸಾಲವನ್ನು ತೀರಿಸದು.

ಮೂರು ಆಕ್ಸೆಲ್ಲಿನ ಗಾಡಿಗೆ 2018ರಲ್ಲಿ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5ಕ್ಕೆ ಏರಿಸಿದರು. ಅದರ ಮೇಲೆ ಒಂದು ಮೂಟೆಯನ್ನೂ ಹತ್ತಿಸಿಕೊಳ್ಳಬೇಡ, ದಂಡದ ಮಾತು ಹಾಗಿರಲಿ, ಮೇಲೆ ಹೇಳಿದ ಘಾಟಿಯ ಲೆಕ್ಕವೆಲ್ಲ ತಪ್ಪುತ್ತದೆ. ಮನುಷ್ಯರನ್ನೂ ಲೋಡಿನ ಮೇಲೆ ಕೂರಿಸಬೇಡ. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರದ ಬಳಿ ಲಾರಿ ಕಂದಕಕ್ಕೆ ಉರುಳಿದಾಗ ಸತ್ತ ಹತ್ತು ಜನ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ವ್ಯಾಪಾರಿಗಳು, ಅವರವರ ತರಕಾರಿ, ಹಣ್ಣಿನ ಜೊತೆಯಲ್ಲೇ ಇದ್ದವರು. ಕೈ ತೋರಿಸಿ ನಿಲ್ಲಿಸುವವರಿಗೆ ಇಲ್ಲವೆನ್ನುವುದು ಕಷ್ಟ, ಅದರಲ್ಲೂ ರಾತ್ರಿ ಹೆಂಗಸರು ನಿಂತಿದ್ದರೆ. ಆದರೂ ಇಲ್ಲವೆನ್ನು.

ಎಷ್ಟು ಜಾಗ ಇಟ್ಟುಕೊಂಡರೂ ಅಪಘಾತ ಆಗಬಹುದು. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು ಮತ್ತು ಪೊಲೀಸರಿಗೆ ತಿಳಿಸುವುದು ಚಾಲಕನ ಹೊಣೆಯೆಂದು ಮೋಟಾರು ವಾಹನ ಕಾಯಿದೆಯ 134ನೇ ಕಲಂ ಹೇಳುತ್ತದೆ. ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದ ಸಂದರ್ಭವನ್ನೂ ಅದೇ ಕಲಂ ಒಪ್ಪಿಕೊಂಡಿದೆ. ಜನ ಮೈಮೇಲೆ ಬರುವಂತಿದ್ದರೆ ಅಲ್ಲಿಂದ ಸರಿದು ಹತ್ತಿರದ ಠಾಣೆಗೆ ಹೋಗು, ದಾರಿಯಲ್ಲೇ 108ಕ್ಕೂ 112ಕ್ಕೂ ಕರೆ ಮಾಡು. ಪ್ರಾಣ ಉಳಿಸಿಕೊಳ್ಳಲು ಸರಿಯುವುದು ಬೇರೆ, ತಿಳಿಸದೆ ಪರಾರಿಯಾಗುವುದು ಬೇರೆ.

ಗಾಡಿ ನಿನ್ನ ಕೈಗೆ ಬಂದ ದಿನವೇ ಹಾಸನದಲ್ಲಿ ಚಕ್ರ ಬಿಚ್ಚಿಸಿ ಲೈನರ್ ಎಷ್ಟು ಉಳಿದಿದೆಯೆಂದು ನೋಡಿಸು, ಲೈನರಿಗೂ ಡ್ರಮ್ಮಿಗೂ ನಡುವಿನ ಸಂದನ್ನು ಸರಿಮಾಡುವ ಸ್ಲ್ಯಾಕ್ ಅಡ್ಜಸ್ಟರನ್ನು ಎಲ್ಲ ಚಕ್ರಗಳಿಗೂ ಸಮವಾಗಿ ಹೊಂದಿಸು, ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಬಿಡಿಸು. ಹೋದ ತಿಂಗಳಷ್ಟೇ ಮಾಡಿಸಿದ್ದೇವೆ ಎಂದು ಮಾಲೀಕರು ಹೇಳಿದರೆ ಬಿಲ್ಲು ಕೇಳು. ಬಿಲ್ಲು ಸಿಗದಿದ್ದರೆ ಲೋಡ್ ಹತ್ತಿಸುವ ಮೊದಲು ನನಗೊಂದು ಫೋನ್ ಮಾಡು, ಅವರ ಹತ್ತಿರ ನಾನೇ ಮಾತನಾಡುತ್ತೇನೆ.

ಇಂತಿ,
ನಿನ್ನ ಅಪ್ಪ