ಕೋಟೆ ಜೈಲಿನ ಶೂಟಿಂಗ್: ಕೈದಿಗಳು ಅವರೋ, ನಾವೋ?

ಮಾನ್ಯ ಸಂಪಾದಕರೇ,

ಮಡಿಕೇರಿ ಕೋಟೆಯ ಹಳೇ ಜೈಲಿನ ಶೂಟಿಂಗ್ ಬಗ್ಗೆ ನಿಮ್ಮ ಶನಿವಾರದ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಫೋಟೋ ಚೆನ್ನಾಗಿ ಬಂದಿದೆ. ನಾಯಕ ನಟರು ಕೈದಿ ಬಟ್ಟೆ ಹಾಕಿಕೊಂಡು ನಗುತ್ತಾ ಕೈ ಬೀಸುತ್ತಿದ್ದಾರೆ. ಕೋಟೆಗೆ ಹೊಸ ಕಳೆ ಬಂದಿದೆ ಅಂತಲೂ ಬರೆದಿದ್ದೀರಿ. ಬಹಳ ಸಂತೋಷ. ಆದರೆ ಅದೇ ಹೊತ್ತಿಗೆ ಹಗ್ಗದ ಈಚೆ ನಿಂತಿದ್ದ ನಮ್ಮ ಮುಖದ ಕಳೆಯನ್ನೂ ನಿಮ್ಮ ಫೋಟೋಗ್ರಾಫರ್ ತೆಗೆಯಬಹುದಿತ್ತು.

ಶುಕ್ರವಾರ ಮಡಿಕೇರಿಯಲ್ಲಿ ಸಂತೆ. ಇದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಹಳ್ಳಿಗಳಿಂದ ಜೀಪು, ಪಿಕಪ್ಪು ಎಲ್ಲ ಅವತ್ತೇ ಬರುತ್ತವೆ. ಸುಮ್ನೆ ಇರುವ ದಿನವೇ ಈ ಊರಿನ ರಸ್ತೆಯಲ್ಲಿ ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಇಂಥ ದಿನವನ್ನೇ ಹುಡುಕಿ ಶೂಟಿಂಗ್ ಇಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಕೋಟೆ ಕಡೆ ತಿರುಗುವಲ್ಲಿ ಜನರೇಟರ್ ಲಾರಿ. ಅದರ ಹಿಂದೆ ಊಟದ ವ್ಯಾನು. ಆಮೇಲೆ ಸಾಲಾಗಿ ಕ್ಯಾರವಾನ್‌ಗಳು. ಜನರಲ್ ತಿಮ್ಮಯ್ಯ ವೃತ್ತದವರೆಗೂ ಹಾರ್ನ್ ಬಿಟ್ಟರೆ ಬೇರೆ ಸದ್ದಿಲ್ಲ.

ನಮ್ಮ ಮನೆಯವರಿಗೆ ಮಂಡಿ ನೋವು. ಕೋಟೆ ಗಣಪತಿಗೆ ಈಡುಗಾಯಿ ಒಡೆಯುವ ಹರಕೆ ಇತ್ತು. ಆಟೋದವನು ಅರ್ಧ ದಾರಿಗೇ ಇಳಿಸಿದ. "ಮುಂದೆ ಆಗಲ್ಲ ಸಾರ್, ಶೂಟಿಂಗ್" ಅಂದ. ಪೂರ್ತಿ ದುಡ್ಡು ಮಾತ್ರ ಇಸಕೊಂಡ. ಬಿಸಿಲಲ್ಲಿ ಏರು ಹತ್ತಿ ಹೋದರೆ ಬಾಗಿಲಲ್ಲಿ ಕಪ್ಪು ಬನಿಯನ್ ಹಾಕಿದ ಹುಡುಗರು. ಕಿವಿಯಲ್ಲಿ ವೈರು. "ಆಂಟಿ, ಆ ಕಡೆ ನಿಲ್ಲಿ, ಫ್ರೇಮಲ್ಲಿ ಬರ್ತಾ ಇದ್ದೀರಾ" ಅಂತ ಒಬ್ಬ. ದೇವಸ್ಥಾನಕ್ಕೆ ಅಂದೆ. "ಶಾಟ್ ಮುಗೀಲಿ ಅಂಕಲ್" ಅಂದ. ಆ ಶಾಟ್ ಮುಗಿಯಲೇ ಇಲ್ಲ. ನಾಯಕರು ಗೋಡೆ ಹಾರಬೇಕಿತ್ತಂತೆ, ಮತ್ತೆ ಮತ್ತೆ ಬೀಳುತ್ತಿದ್ದರು. ಜೈಲಿನಿಂದ ತಪ್ಪಿಸಿಕೊಳ್ಳಲು ಅವರಿಗೆ ಅಷ್ಟು ಕಷ್ಟ. ಒಳಗೆ ಹೋಗಲು ನಮಗೆ ಅದಕ್ಕಿಂತ ಜಾಸ್ತಿ ಕಷ್ಟ. ಕೊನೆಗೆ ಮನೆಯವರು ಅಲ್ಲೇ ಮೋರಿ ಕಟ್ಟೆಯ ಮೇಲೆ ಕೂತರು. ಪಕ್ಕದಲ್ಲಿ ಕೈದಿ ವೇಷದ ಇಬ್ಬರು ಹುಡುಗರು ಪೇಪರ್ ಲೋಟದಲ್ಲಿ ಟೀ ಕುಡಿಯುತ್ತಾ ಮೊಬೈಲ್ ನೋಡುತ್ತಿದ್ದರು. ಒಬ್ಬ ಎದ್ದು ಜಾಗ ಬಿಟ್ಟುಕೊಟ್ಟ. ಅವತ್ತು ಕೋಟೆಯಲ್ಲಿ ಮರ್ಯಾದೆ ಕಂಡಿದ್ದು ಆ ಕೈದಿಯಲ್ಲಿ ಮಾತ್ರ. ಅವನ ಹತ್ತಿರ ವಿಚಾರಿಸಿದಾಗ ಗೊತ್ತಾಯಿತು, ದಿನಗೂಲಿಗೆ ಬಂದ ಕುಶಾಲನಗರದ ಹುಡುಗ.

ಇನ್ನು ಮಳೆಯ ವಿಷಯ. ಹೌದು, ಮಳೆ! ಮಡಿಕೇರಿಗೆ ಬಂದು ಟ್ಯಾಂಕರ್ ನೀರಲ್ಲಿ ಕೃತಕ ಮಳೆ ಸುರಿಸಿದರು. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ. ಜೂನ್, ಜುಲೈನಲ್ಲಿ ಬಂದಿದ್ದರೆ ಬಿಟ್ಟಿ ಸಿಗುತ್ತಿತ್ತು, ಬೇಡ ಅಂದರೂ ಬಿಡುತ್ತಿರಲಿಲ್ಲ. ಇದು ಮಾರ್ಚ್. ಕಾಫಿ ತೋಟದವರು ಹೂಮಳೆಗೆ ಆಕಾಶ ನೋಡುತ್ತಾ ಕೂತಿದ್ದಾರೆ. ನಮ್ಮ ಬೀದಿಯ ನಲ್ಲಿಯಲ್ಲಿ ಕೂಟುಹೊಳೆ ನೀರು ಬರುವುದು ಯಾವಾಗ ಅಂತ ನೀರು ಬಿಡುವವನಿಗೂ ಗೊತ್ತಿಲ್ಲ. ಅತ್ತ ನಾಯಕಿ ಕಣ್ಣೀರು ಕಾಣಬಾರದು ಅಂತ ಟ್ಯಾಂಕರ್ ಮೇಲೆ ಟ್ಯಾಂಕರ್. ಆ ನೀರು ಇಳಿದು ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಅಷ್ಟು ನೀರು ನಮ್ಮ ಬಾಗಿಲಿಗೆ ಬಂದಿದ್ದು ಈ ಬೇಸಿಗೆಯಲ್ಲಿ ಅದೇ ಮೊದಲು. ರಾತ್ರಿ ಲೈಟು, ಮೈಕು, "ಸೈಲೆನ್ಸ್!" ಅಂತ ಕೂಗು. ಸೈಲೆನ್ಸ್ ಅಂತ ಅಷ್ಟು ಜೋರಾಗಿ ಕೂಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಕ್ಕದ ಮನೆ ಹುಡುಗಿಗೆ ಪಿಯು ಪರೀಕ್ಷೆ. ಕಿವಿಗೆ ಹತ್ತಿ ಇಟ್ಟುಕೊಂಡು ಓದಿದ್ದಾಳೆ ಪಾಪ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಕೋಟೆ ರಕ್ಷಿತ ಸ್ಮಾರಕ. ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರಲ್ಲಿ ತಿದ್ದುಪಡಿ ಆದ ಕಾನೂನು ಇದು. ನಮ್ಮ ಮನೆ ಈ 100 ಮೀಟರ್ ಒಳಗೆ ಬರುತ್ತದೆ. ಅಪ್ಪ ಕಟ್ಟಿಸಿದ ಮನೆ. ಹಿಂಬದಿಯ ಬಚ್ಚಲುಮನೆಯ ಪಕ್ಕಾಸನ್ನು ಗೆದ್ದಲು ತಿಂದಿದೆ. ಹಂಚು ಜಾರಿ ಜಾರಿ ಅರ್ಧ ಮಾಡು ಬೋಳಾಗಿದೆ. ಬದಲಾಯಿಸೋಣ ಅಂದರೆ ರಿಪೇರಿಗೂ ಅನುಮತಿ ಬೇಕು. ಅರ್ಜಿ ಕೊಟ್ಟೆ. ನಕ್ಷೆ ತನ್ನಿ ಅಂದರು. ನಕ್ಷೆ ತಂದರೆ ಫೋಟೋ, ಫೋಟೋ ತಂದರೆ ದೂರ ಅಳೆದ ದಾಖಲೆ. ಎರಡು ಮಳೆಗಾಲ ನೀಲಿ ಟಾರ್ಪಾಲ್ ಕೆಳಗೆ ಕೊಡೆ ಹಿಡಿದು ಸ್ನಾನ ಮಾಡಿದ್ದೇವೆ. ಅರ್ಜಿ ಈಗಲೂ ಯಾವುದೋ ಮೇಜಿನ ಮೇಲೆ ಸುಖವಾಗಿದೆ. ಸರಿ, ಸ್ಮಾರಕ ಉಳಿಯಬೇಕು, ಕಾನೂನು ಕಾನೂನೇ ಅಂತ ಸುಮ್ಮನಿದ್ದೆ.

ಈಗ ನೋಡಿದರೆ ಅದೇ ಸ್ಮಾರಕದ ಒಳಗೆ ಪ್ಲೈವುಡ್ಡಿನ ಕಾವಲು ಗೋಪುರ ಎದ್ದಿದೆ! ಕಲ್ಲಿನ ಗೋಡೆಗೆ ಮೊಳೆ ಹೊಡೆದು 'ಕೇಂದ್ರ ಕಾರಾಗೃಹ, ಬಳ್ಳಾರಿ' ಅಂತ ಬೋರ್ಡು ತೂಗುಹಾಕಿದ್ದಾರೆ. ಕಂಬಿ ಹಳತಾಗಿ ಕಾಣಲಿ ಅಂತ ಕಂದು ಬಣ್ಣ ಬಳಿದಿದ್ದಾರೆ. ಅವು ಹಳೇ ಕಂಬಿಗಳೇ ಸ್ವಾಮಿ, ತುಕ್ಕು ಅಸಲಿಯೇ ಇತ್ತು. ನನ್ನ ಬಚ್ಚಲುಮನೆಯ ಹಂಚಿನಿಂದ ಕೋಟೆಗೆ ಅಪಾಯ. ಇವರ ಮೊಳೆಯಿಂದ ಇಲ್ಲ ಅಲ್ವಾ?

ಅಲ್ಲೇ ಒಂದು ಗಲ್ಲುಗಂಬವನ್ನೂ ನಿಲ್ಲಿಸಿದ್ದರು. ಥರ್ಮಾಕೋಲ್ ಕಟ್ಟೆ, ಮೇಲೆ ಹಗ್ಗ. ಬಿಡುವಿನಲ್ಲಿ ಹುಡುಗ ಹುಡುಗಿಯರು ಕುಣಿಕೆಗೆ ತಲೆ ಕೊಟ್ಟು, ನಾಲಿಗೆ ಹೊರಹಾಕಿ ಸೆಲ್ಫಿ ತೆಗೆಯುತ್ತಿದ್ದರು. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿದ ಬ್ರಿಟಿಷರು, 1837ರಲ್ಲಿ ತಮ್ಮ ವಿರುದ್ಧ ಎದ್ದ ರೈತರನ್ನು ಬಗ್ಗುಬಡಿದರು. ಆ ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ನೇಣಿಗೆ ಹಾಕಿದ್ದು ಇದೇ ಕೋಟೆಯಲ್ಲಿ. ಇದನ್ನು ಆ ಮಕ್ಕಳಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಬಾಡಿಗೆಗೆ ಕೊಟ್ಟವರಿಗಾದರೂ ನೆನಪಿರಬೇಕಿತ್ತು. ಅದೇ ಜಾಗದಲ್ಲಿ ಬಳ್ಳಾರಿ ಜೈಲಂತೆ, ಗಲ್ಲುಗಂಬವಂತೆ, ಕೆಳಗೆ ಊಟದ ಪ್ಯಾಕೆಟ್‌ಗಳಂತೆ.

ಸಿನಿಮಾ ಬೇಡವೇ ಬೇಡ ಅಂತ ನನ್ನ ವಾದವಲ್ಲ. ನನ್ನ ಸೋದರಳಿಯ ಅಮೆರಿಕದ ಒಹಾಯೊದಲ್ಲಿದ್ದಾನೆ. ಅಲ್ಲಿ ಮ್ಯಾನ್ಸ್‌ಫೀಲ್ಡ್ ಅಂತ ಊರು. 1990ರಲ್ಲಿ ಮುಚ್ಚಿದ ದೊಡ್ಡ ಜೈಲು ಇದೆ. 'ಶಾಶಾಂಕ್ ರಿಡೆಂಪ್ಷನ್' ಸಿನಿಮಾ ತೆಗೆದದ್ದು ಅಲ್ಲೇ. ಒಂದು ಸಂಘ ಅದನ್ನು ನೋಡಿಕೊಳ್ಳುತ್ತದೆ. ಟಿಕೆಟ್ ಇಟ್ಟು ಜನರಿಗೆ ತೋರಿಸುತ್ತಾರೆ, ಬಂದ ದುಡ್ಡಲ್ಲಿ ಕಟ್ಟಡ ರಿಪೇರಿ ಮಾಡುತ್ತಾರೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಕಿಲ್ಮೇನ್‌ಹ್ಯಾಮ್ ಜೈಲು 1924ರಲ್ಲೇ ಮುಚ್ಚಿತು. ಅಲ್ಲೂ ಸಿನಿಮಾ ತೆಗೆಯುತ್ತಾರೆ. ಆದರೆ 1916ರ ದಂಗೆಯ ನಾಯಕರನ್ನು ಗುಂಡಿಟ್ಟು ಕೊಂದ ಅಂಗಳವನ್ನು ಜನ ಇವತ್ತಿಗೂ ಹೋಗಿ ನೋಡುತ್ತಾರೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ನೋಡಿ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು. 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಈಗ ಅಲ್ಲಿ ಯಾರು ಬೇಕಾದರೂ ಹೋಗಿ ಕೂತು ಸರ್ಕಾರಕ್ಕೆ ಬೈಯಬಹುದು. ನಮ್ಮ ಜೈಲು ಕರ್ಣಂಗೇರಿಗೆ ಹೋದ ಮೇಲೆ ಹಳೇ ಕಟ್ಟಡ ಏನಾಗಬೇಕು ಅಂತ ಯಾರಾದರೂ ನಮ್ಮನ್ನು ಕೇಳಿದರಾ? ಶೂಟಿಂಗ್ ದುಡ್ಡು ಯಾರ ಜೇಬಿಗೆ? ಒಂದು ರೂಪಾಯಿಯಾದರೂ ಕೋಟೆಯೊಳಗಿನ ಅರಮನೆಯ ಮಾಡಿಗೆ ಹೋಗುತ್ತಾ?

ಈ ಪ್ರಶ್ನೆಯನ್ನೇ ಒಂದು ಕಚೇರಿಗೆ ಫೋನ್ ಮಾಡಿ ಕೇಳಿದೆ. "ಅದು ಸೆಂಟ್ರಲ್‌ನವರದ್ದು ಸಾರ್" ಅಂದರು, ಅಂದರೆ ಕೇಂದ್ರದ ಪುರಾತತ್ವ ಇಲಾಖೆಯವರದ್ದು. ಸೆಂಟ್ರಲ್‌ನವರಿಗೆ ಮಾಡಿದರೆ "ಒಳಗಿನದು ಮಾತ್ರ ನಮ್ಮದು, ರಸ್ತೆ ನಮಗೆ ಬರಲ್ಲ." ರಸ್ತೆಯವರು "ಲೆಟರ್ ಕೊಡಿ" ಅಂದರು. ಇನ್ನೊಬ್ಬರು ಫೋನ್ ಎತ್ತಿ, "ಸಾಹೇಬ್ರು ಶೂಟಿಂಗ್ ನೋಡೋಕೆ ಹೋಗಿದ್ದಾರೆ" ಅಂದುಬಿಟ್ಟರು. ಪಾಪ, ನಿಜ ಹೇಳಿದ ಏಕೈಕ ನೌಕರ.

ಇದೇನು ಹೊಸದಲ್ಲ ಬಿಡಿ. ಕೊಡಗಿನ ಅರಸ ಲಿಂಗರಾಜ 1812ರಿಂದ 1814ರವರೆಗೆ ಎರಡೇ ವರ್ಷದಲ್ಲಿ ಕಟ್ಟಿಸಿದ ಅರಮನೆ. ಅದರ ಸೋರಿಕೆ ನಿಲ್ಲಿಸಲು ನಮ್ಮವರಿಗೆ ಹೈಕೋರ್ಟ್ ಕೈಯಲ್ಲಿ ಹೇಳಿಸಿಕೊಳ್ಳಬೇಕಾಯಿತು. ಮಂಗಳೂರು ರಸ್ತೆ ಬದಿಯ ತಡೆಗೋಡೆ 2022ರ ಮಳೆಗಾಲದಲ್ಲಿ ಉಬ್ಬಿ ರಸ್ತೆಯೇ ಬಂದ್ ಆಯಿತಲ್ಲ, ಅದಕ್ಕೆ ಸುರಿದ ದುಡ್ಡಿನ ಲೆಕ್ಕ ಯಾರು ಕೊಟ್ಟರು? ಇಲ್ಲಿನ ಮಾಂದಲಪಟ್ಟಿ ಬೆಟ್ಟಕ್ಕೆ ಸಿನಿಮಾದವರು ಮುಗಿಲುಪೇಟೆ ಅಂತ ಹೆಸರಿಟ್ಟು ಹೋದರು. ಹೆಸರು ಉಳಿಯಿತು, ಜೀಪುಗಳ ಸಾಲೂ ಉಳಿಯಿತು, ದಾರಿ ಮಾತ್ರ ದಾರಿಯಾಗಿ ಉಳಿದಿಲ್ಲ. ದಸರೆಯಲ್ಲಿ ಹತ್ತು ದೇವಸ್ಥಾನಗಳ ದಶಮಂಟಪ ಮೆರವಣಿಗೆ ಹೊರಡುವಾಗ ನಮ್ಮ ಕೋಟೆ ಗಣಪತಿ ಮಂಟಪದ ಹುಡುಗರಿಗೆ ಮೈಕಿಗೊಂದು ಷರತ್ತು, ಹೊತ್ತಿಗೊಂದು ಷರತ್ತು, ಡಿಜೆಗೊಂದು ಷರತ್ತು. ನೂರಾರು ವರ್ಷದ ದಸರೆಗೆ ಇರುವ ಕಾಯಿದೆ ಎರಡೂವರೆ ಗಂಟೆಯ ಸಿನಿಮಾಕ್ಕೆ ಇಲ್ಲ. ಇನ್ನು ಪಾರ್ಕಿಂಗ್ ಬಗ್ಗೆ ಬರೆಯಲು ಹೋದರೆ ನಿಮ್ಮ ಪುಟ ಸಾಲದು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಕೋಟೆಯಲ್ಲಿ ಶೂಟಿಂಗ್ ನಿಲ್ಲಿಸಬೇಕು. ನಿಲ್ಲಿಸಲು ಆಗದಿದ್ದರೆ ಸಂತೆ ದಿನವಾದರೂ ಬಿಡಬೇಕು, ದರ ಎಷ್ಟು ಅಂತ ಬಾಗಿಲಲ್ಲೇ ಬೋರ್ಡು ಹಾಕಬೇಕು, ಬಂದ ಹಣ ಕೋಟೆಗೇ ಖರ್ಚು ಮಾಡಬೇಕು. ಹೊಡೆದ ಮೊಳೆ ಕೀಳಿಸಬೇಕು. ನನ್ನ ಹಂಚಿನ ಅರ್ಜಿಯನ್ನೂ ಯಾರಾದರೂ ತೆಗೆದು ನೋಡಬೇಕು. ಅದೂ ಆಗದಿದ್ದರೆ ಮುಂದಿನ ಸಲ ಬಚ್ಚಲುಮನೆಯನ್ನೇ ಸೆಟ್ ಅಂತ ತೋರಿಸಿ ಅರ್ಜಿ ಹಾಕುತ್ತೇನೆ. ಆಗ ಒಂದೇ ದಿನದಲ್ಲಿ ಸಹಿ ಬೀಳಬಹುದು. ಸಂಬಳ ತಗೊಂಡು ಕೂತವರಿಗೆ ಇಷ್ಟು ಹೇಳಿದರೆ ಸಾಕು ಅಂದುಕೊಂಡಿದ್ದೇನೆ, ಆದರೆ ಇವರು ಪತ್ರಿಕೆಯಲ್ಲಿ ಸಿನಿಮಾ ಪುಟ ಬಿಟ್ಟು ಬೇರೆ ಪುಟ ಓದುತ್ತಾರೋ ಇಲ್ಲವೋ.

– ಕೋಟೆ ಬಳಿಯ ನಿವಾಸಿ, ಮಡಿಕೇರಿ